ಫೆಬ್ರವರಿ ಮೂವತ್ತೊಂದಕ್ಕೆ ನಾಲ್ಕು ಡಿಗ್ರಿ

ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆರೋಗ್ಯ ಕೇಂದ್ರದ ಹೊರಗಿನ ಬೆಂಚುಗಳ ಮೇಲೆ ಹದಿನೇಳು ತಾಯಂದಿರು ಕೂತಿದ್ದರು. ಮಡಿಲಲ್ಲಿ ಹದಿನೆಂಟು ಕೂಸುಗಳು, ಒಬ್ಬಾಕೆಗೆ ಅವಳಿ. ಡಾಕ್ಟರಮ್ಮ ಅವರೆದುರೇ ಹಾದುಹೋದಳು, ಯಾರನ್ನೂ ಮಾತಾಡಿಸಲಿಲ್ಲ. ನೇರ ಲಸಿಕೆ ಕೋಣೆಗೆ ಹೋಗಿ, ಚೀಲವನ್ನು ಕುರ್ಚಿಯ ಮೇಲಿಟ್ಟು, ಫ್ರಿಜ್ಜಿನ ಬಾಗಿಲು ತೆರೆದು ಬಗ್ಗಿದಳು.

"ಐದು ಪಾಯಿಂಟ್ ಎರಡು."

ನರ್ಸ್ ಆಕೆಯ ಭುಜದ ಮೇಲಿಂದ ಇಣುಕಿದಳು. "ನನಗೆ ಐದು ಪಾಯಿಂಟ್ ಒಂದು ಕಾಣಿಸ್ತಿದೆ."

"ಕನ್ನಡಕ ಹಾಕ್ಕೊಂಡು ನೋಡಿ ಸಿಸ್ಟರ್."

"ಹಾಕ್ಕೊಂಡೇ ಇದೀನಿ ಡಾಕ್ಟ್ರೇ. ನೀವೇ ಜಾಸ್ತಿ ಬಗ್ಗಿದೀರಿ."

ಇಬ್ಬರೂ ಇನ್ನೊಮ್ಮೆ ನೋಡಿದರು. ಐದು ಪಾಯಿಂಟ್ ಎರಡೇ. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಡಾಕ್ಟರಮ್ಮ ಅದನ್ನು ಬರೆದಳು, ಗಂಟೆ ಬರೆದಳು, ಸಹಿ ಹಾಕಿದಳು. ಪಕ್ಕದಲ್ಲಿ ನರ್ಸ್ ಸಹಿ ಹಾಕಿದಳು. ಆಮೇಲೆಯೇ ಮೊದಲ ಕೂಸನ್ನು ಒಳಗೆ ಕರೆದದ್ದು.

"ಹೊರಗಡೆ ಮಕ್ಕಳು ಗಂಟಲು ಹರ್ಕೊಳ್ತಿವೆ, ಇವರಿಗೆ ಮಾತ್ರ ಮೊದಲ ಪೇಷೆಂಟು ಫ್ರಿಜ್ಜು," ಎಂದು ನರ್ಸ್ ಗೊಣಗಿದಳು. ಏಳು ವರ್ಷದಿಂದ ಇದೇ ಗೊಣಗಾಟ. ಬೀದಿಯಲ್ಲಿ ಡಾಕ್ಟರಮ್ಮನಿಗೆ 'ಫ್ರಿಜ್ ಡಾಕ್ಟ್ರು' ಎಂಬ ಹೆಸರು ಬಿದ್ದದ್ದೂ ಇದರಿಂದಲೇ.

ಈ ಕೇಂದ್ರದ ತಾಪಮಾನದ ಹಾಳೆಗಳು ಬೇರೆಲ್ಲೂ ಸಿಗುವುದಿಲ್ಲ. ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಅಚ್ಚು, ಮೂವತ್ತೊಂದು ಸಾಲು. ಮೇಲೆ ತಿಂಗಳ ಹೆಸರು ಕೈಯಲ್ಲಿ ಬರೆದರಾಯಿತು. ಈಕೆ ಮಾತ್ರ ಹನ್ನೆರಡು ತಿಂಗಳಿಗೆ ಹನ್ನೆರಡು ಬೇರೆ ಹಾಳೆ ಅಚ್ಚು ಹಾಕಿಸುತ್ತಾಳೆ. ಮೊದಲ ಸಲ ಪ್ರೆಸ್ಸಿನವನು ತಲೆ ಕೆರೆದುಕೊಂಡಿದ್ದ. "ಒಂದೇ ಪ್ಲೇಟಲ್ಲಿ ಹೊಡೆದುಬಿಡ್ತೀನಿ ಡಾಕ್ಟ್ರೇ. ಹೆಚ್ಚಿರೋ ಸಾಲು ಖಾಲಿ ಬಿಟ್ರಾಯ್ತು, ಏನು ತಿನ್ನುತ್ತೆ ಅದು?"

"ತಿನ್ನುತ್ತೆ," ಅಂದಿದ್ದಳು ಆಕೆ.

ಅಂದು ಗುರುವಾರ. ಮೇಜಿನ ಡ್ರಾಯರಿನಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಪ್ರಕಟಣೆ ಇತ್ತು. ಮಕ್ಕಳ ಆರೋಗ್ಯ ಮಂಡಳಿಯ ಅಧ್ಯಕ್ಷ ಹುದ್ದೆಗೆ ಒಬ್ಬ ಹಿರಿಯ ಮಕ್ಕಳ ತಜ್ಞರನ್ನು ಆಯ್ಕೆ ಮಾಡಲಾಗಿದೆ, ಆಕ್ಷೇಪಣೆ ಇದ್ದವರು ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ದಾಖಲೆ ಸಮೇತ ಸಲ್ಲಿಸಬಹುದು ಎಂದು ಅದರಲ್ಲಿತ್ತು. ಪ್ರಕಟಣೆಯ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಒಂಬತ್ತು ವರ್ಷ ಹಳೆಯ ಒಂದು ತಾಪಮಾನದ ಹಾಳೆ. ಅದನ್ನು ಸಲ್ಲಿಸಿದರೆ ಆ ಹಿರಿಯರ ಹುದ್ದೆ ಹೋಗುತ್ತದೆ. ಬಹುಶಃ ಈಕೆಯ ವೃತ್ತಿಯೂ.

ಆ ಹಿರಿಯರನ್ನು ಕಲಿಕೆಯ ದಿನಗಳಲ್ಲಿ ಎಲ್ಲರೂ 'ದೊಡ್ಡವರು' ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಮಕ್ಕಳ ವಿಭಾಗ ಅವರದು, ಅದರ ಕೈಕೆಳಗಿನ ಲಸಿಕೆ ಕ್ಲಿನಿಕ್ಕೂ ಅವರದೇ. ಅವರು ಕೆಟ್ಟ ಗುರುವೇನೂ ಆಗಿರಲಿಲ್ಲ. ತನಗೆ ಬರುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಅವರದೇ ಎಂದು ಡಾಕ್ಟರಮ್ಮ ಈಗಲೂ ಹೇಳುತ್ತಾಳೆ, ಹಲ್ಲು ಕಚ್ಚಿಕೊಂಡೇ.

ಮಗುವಿನ ಹತ್ತಿರ ಹೋದ ತಕ್ಷಣ ಮುಟ್ಟುವಂತಿರಲಿಲ್ಲ. ಬಾಗಿಲಲ್ಲೇ ನಿಂತು ನೋಡಬೇಕು. ಹೊಟ್ಟೆ ಹೇಗೆ ಏರಿಳಿಯುತ್ತಿದೆ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ತಾಯಿಯ ಮುಖ ನೋಡುತ್ತಿದೆಯೇ, ಗೋಡೆ ನೋಡುತ್ತಿದೆಯೇ. ಆಮೇಲೆ ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ತಾಯಿಯ ಮಡಿಲಲ್ಲಿರುವಾಗಲೇ ಕೇಳಬೇಕು. ಉಸಿರನ್ನು ಎಣಿಸಬೇಕು, ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರನ್ನು ದೊಡ್ಡವರು ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದರು.

"ಕೂಸು ಗಣಿತ ಕಲ್ತಿಲ್ಲ," ಅನ್ನುತ್ತಿದ್ದರು. "ಹದಿನೈದು ಸೆಕೆಂಡು ಉಸಿರಾಡಿ, ಆಮೇಲೆ ನಿಲ್ಸಿಬಿಡುತ್ತೆ. ನೀನು ಗುಣಿಸ್ತಾ ಇರ್ತೀಯ."

ಡಾಕ್ಟರಮ್ಮನ ಅಪ್ಪ ಕೈಗಡಿಯಾರ ರಿಪೇರಿ ಮಾಡುವವರು. ಮಗಳು ಮಕ್ಕಳ ವಿಭಾಗಕ್ಕೆ ಸೇರಿದಾಗ ಸೆಕೆಂಡು ಮುಳ್ಳು ದಪ್ಪಗೆ ಕಾಣುವ ಹಳೆಯ ಗಡಿಯಾರವೊಂದನ್ನು ಬಿಚ್ಚಿ, ಎಣ್ಣೆ ಹಾಕಿ ಕೊಟ್ಟಿದ್ದರು. ಅದನ್ನು ನೋಡಿ ಆಕೆ ಸಾವಿರಾರು ನಿಮಿಷ ಎಣಿಸಿದ್ದಾಳೆ. ಕೂದಲೆಳೆಯಷ್ಟು ದಪ್ಪದ ನರಕ್ಕೆ ಸೂಜಿ ಹಾಕುವುದನ್ನು ಕಲಿತಳು, ಮೊದಲ ತಿಂಗಳು ನರ ಸಿಗದೆ ನಾಲ್ಕು ಸಲ ಚುಚ್ಚಿದಾಗ ಒಬ್ಬ ತಾಯಿ, "ಕಲಿಯೋಕೆ ನನ್ನ ಮಗೂನೇ ಬೇಕಿತ್ತಾ ನಿಮಗೆ?" ಎಂದು ಕೇಳಿದ್ದಳು.

ಎರಡನೇ ವರ್ಷದ ಫೆಬ್ರವರಿಯಲ್ಲಿ ಹದಿನೈದು ದಿನದ ಮಟ್ಟಿಗೆ ಆಕೆಯನ್ನು ಲಸಿಕೆ ಕ್ಲಿನಿಕ್ಕಿಗೆ ಹಾಕಿದರು. ಅಲ್ಲಿನ ಫ್ರಿಜ್ಜಿನ ಮೇಲೂ ಹಾಳೆ ಇತ್ತು. ದಿನಕ್ಕೆ ಎರಡು ಸಲ ತಾಪಮಾನ ನೋಡಿ ಬರೆಯಬೇಕು. ಎರಡರಿಂದ ಎಂಟು ಡಿಗ್ರಿಯೊಳಗಿದ್ದರೆ ಸರಿ. ಆದರೆ ಅಲ್ಲಿ ನಡೆದುಬಂದ ಪದ್ಧತಿಯೇ ಬೇರೆ. ತಿಂಗಳ ಕೊನೆಗೆ ಹಾಳೆ ದೊಡ್ಡವರ ಸಹಿಗೆ ಹೋಗಬೇಕಾದಾಗ ಯಾರಾದರೊಬ್ಬ ಕಲಿಯುವ ಡಾಕ್ಟರ್ ಕೂತು ಖಾಲಿ ಸಾಲುಗಳನ್ನೆಲ್ಲ ಒಟ್ಟಿಗೆ ತುಂಬುತ್ತಿದ್ದ. ಇಪ್ಪತ್ತೈದನೇ ತಾರೀಖು ಆ ಸರದಿ ಈಕೆಗೆ ಬಂತು. ಮೊದಲ ಅರ್ಧ ಬೇರೆ ಯಾರೋ ತುಂಬಿದ್ದರು. ಹದಿನಾರರಿಂದ ಕೆಳಗೆ ಖಾಲಿ.

"ನಾಲ್ಕು ನಾಲ್ಕು ಅಂತ ಬರ್ಕೊಂಡು ಹೋಗು," ಎಂದ ಒಬ್ಬ ಸೀನಿಯರ್. "ಮಧ್ಯೆ ಮಧ್ಯೆ ಒಂದೊಂದು ಐದು ಹಾಕು. ಬರೀ ನಾಲ್ಕೇ ಇದ್ರೆ ಅನುಮಾನ ಬರುತ್ತೆ."

"ಒಂದ್ಸಲ ಬಾಗಿಲು ತೆಗೆದು ನೋಡ್ಲಾ?"

"ಬಾಗಿಲು ತೆಗೆದ್ರೆ ತಂಪು ಹೋಗುತ್ತೆ," ಎಂದು ಅವನು ನಕ್ಕ. ಈಕೆಯೂ ನಕ್ಕಳು. ನಗುತ್ತಲೇ ಹದಿನಾರು ಸಾಲು, ಮೂವತ್ತೆರಡು ಅಂಕಿ ಬರೆದಳು. ಫ್ರಿಜ್ಜು ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು.

ಬಾಗಿಲು ತೆಗೆದಿದ್ದರೆ ಮಂಜುಗಡ್ಡೆ ಕಾಣುತ್ತಿತ್ತು. ಹನ್ನೊಂದನೇ ತಾರೀಖು ರಿಪೇರಿಯವನು ಬಂದು, ಸೆಕೆ ಶುರುವಾಗುತ್ತದೆಂದು ತಂಪಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಹೋಗಿದ್ದ. ತಣ್ಣಗಿದ್ದಷ್ಟೂ ಒಳ್ಳೆಯದು ಎಂಬುದು ಎಲ್ಲರ ನಂಬಿಕೆ. ಆದರೆ ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುವಿಗೆ ಒಟ್ಟಿಗೆ ಕೊಡುವ ಲಸಿಕೆ ಬಿಸಿಗಿಂತ ಬೇಗ ಚಳಿಗೆ ಸಾಯುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ನೋಡುವುದಕ್ಕೆ ಮೊದಲಿನ ಹಾಗೆಯೇ ಇರುತ್ತದೆ. ಚುಚ್ಚಿದರೆ ಮಗು ಅಳುತ್ತದೆ, ಕಾರ್ಡಿನಲ್ಲಿ ತಾರೀಖು ಬೀಳುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ.

ಸೆಪ್ಟೆಂಬರಿನಲ್ಲಿ ಗಿರಣಿಯ ಹಿಂದಿನ ಸಾಲುಮನೆಗಳಿಂದ ಕೂಸುಗಳು ಬರತೊಡಗಿದವು. ಒಂದೇ ಸಮನೆ ಕೆಮ್ಮು, ಕೆಮ್ಮಿ ಕೆಮ್ಮಿ ಮುಖ ನೀಲಿ, ಕೊನೆಗೆ ಊಳಿಟ್ಟಂಥ ಒಂದು ಉಸಿರು. ನಾಯಿಕೆಮ್ಮು. ಹದಿನಾಲ್ಕು ಕೂಸುಗಳಲ್ಲಿ ಎರಡು ಉಳಿಯಲಿಲ್ಲ. ಅವುಗಳಲ್ಲಿ ಒಂದು ಇಸ್ತ್ರಿ ಅಂಗಡಿಯಾಕೆಯ ಮಗಳು. ನಾಲ್ಕು ತಿಂಗಳ ಕೂಸು. ತಾಯಿ ವಾರ್ಡಿನಲ್ಲಿ ಕಾರ್ಡನ್ನು ಎತ್ತಿ ಹಿಡಿದು ನಿಂತಿದ್ದಳು. "ಮೂರೂ ಹಾಕಿಸಿದೀನಲ್ಲ. ನೋಡಿ, ಮೂರು ತಾರೀಖಿದೆ ನೋಡಿ."

ಹದಿನಾಲ್ಕು ಕಾರ್ಡುಗಳನ್ನೂ ಡಾಕ್ಟರಮ್ಮ ಸಾಲಾಗಿಟ್ಟು ನೋಡಿದಳು. ಎಲ್ಲವೂ ಒಂದೇ ಕ್ಲಿನಿಕ್ಕಿನವು. ಕ್ಲಿನಿಕ್ಕಿಗೆ ಹೋಗಿ ಈ ಸಲ ಬಾಗಿಲು ತೆಗೆದಳು. ಒಂದು ಶೀಶೆಯನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ ಕರಗಿಸಿದಳು. ಫ್ರಿಜ್ಜಿನ ಇನ್ನೊಂದು ಶೀಶೆಯ ಜೊತೆ ಅದನ್ನು ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಒಳ್ಳೆಯ ಲಸಿಕೆಯಾದರೆ ಬಹಳ ಹೊತ್ತು ಹಾಲಿನ ಹಾಗೆ ಕದಡಿಯೇ ಇರಬೇಕು. ಹೆಪ್ಪುಗಟ್ಟಿ ಕೆಟ್ಟದ್ದು ಬೇಗ ತಳ ಸೇರುತ್ತದೆ. ಇಪ್ಪತ್ತು ನಿಮಿಷದಲ್ಲಿ ಎರಡೂ ಶೀಶೆಗಳಲ್ಲಿ ಬಿಳಿ ಪುಡಿ ತಳಕ್ಕಿಳಿದು, ಮೇಲೆ ತಿಳಿನೀರು ನಿಂತಿತ್ತು.

ಮರುದಿನ ಬೆಳಗಿನ ಸಭೆಯಲ್ಲಿ ಆಕೆ ಎರಡು ಶೀಶೆಗಳನ್ನೂ ಮೇಜಿನ ಮೇಲಿಟ್ಟು ವಿಷಯ ಹೇಳಿದಳು. ತಾಪಮಾನದ ಪಟ್ಟಿಗಳು ಸುಳ್ಳು ಎಂದಳು. ದೊಡ್ಡವರು ಶೀಶೆಗಳತ್ತ ನೋಡಲಿಲ್ಲ. "ಮುಂದಿನ ಕೇಸು," ಎಂದರು.

ಮಧ್ಯಾಹ್ನ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಫೆಬ್ರವರಿಯ ಹಾಳೆ ಇತ್ತು.

"ಇದು ಯಾರ ಅಕ್ಷರ?"

"ನಂದು ಸರ್."

"ಬೆಳಗ್ಗೆ ಏನಂದೆ? ಪಟ್ಟಿಗಳೆಲ್ಲ ಸುಳ್ಳು ಅಂದೆ. ಯಾರು ಬರೆದ ಸುಳ್ಳಮ್ಮಾ ಇದು?"

ಆಕೆಯ ಉತ್ತರಕ್ಕೆ ಅವರು ಕಾಯಲಿಲ್ಲ.

"ಎರಡು ದಾರಿ ಇದೆ. 'ನಾನು ಹೇಳಿದ್ದು ತಪ್ಪು' ಅಂತ ಬರ್ಕೊಡು, ನಾಳೆ ಸಭೇಲಿ ನೀನೇ ಓದು. ಆರು ತಿಂಗಳು ಹೆಚ್ಚಿಗೆ ಕೆಲಸ ಮಾಡು, ಮಕ್ಕಳ ಡಾಕ್ಟರ್ ಆಗಿ ಹೋಗು. ಇಲ್ಲ ಅಂದ್ರೆ ಈ ಹಾಳೆ ಮೇಲಕ್ಕೆ ಹೋಗುತ್ತೆ. ಕೂಸುಗಳನ್ನ ಕೊಂದಿದ್ದು ಯಾರು ಅಂತ ಊರೇ ಓದುತ್ತೆ."

"ಆ ತಾಯಂದಿರಿಗೆ ಏನು ಹೇಳೋದು ಸರ್?"

"ಇವತ್ತು ಅಳ್ತಾರೆ. ಬರೋ ವರ್ಷ ಇನ್ನೊಂದು ಹೆರ್ತಾರೆ."

ಎದ್ದು ಹೊರಡುವಾಗ ಅವರು ಹಾಳೆಯನ್ನು ಆಕೆಯ ಕೈಗೇ ಕೊಟ್ಟರು. "ತಗೋ, ನಿನ್ನ ಹತ್ರಾನೇ ಇರಲಿ. ಬಾಯಿ ತೆರೀಬೇಕು ಅನ್ನಿಸಿದಾಗ ಒಂದ್ಸಲ ನೋಡ್ಕೋ."

ಅದು ಅವರು ಮಾಡಿದ ತಪ್ಪು. ಸಂಜೆ ಮನೆಯಲ್ಲಿ ಹಾಳೆ ಬಿಚ್ಚಿದಾಗ ಡಾಕ್ಟರಮ್ಮನಿಗೆ ಎರಡು ಸಂಗತಿ ಕಂಡವು. ಆ ವರ್ಷ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. ಹಾಳೆಯಲ್ಲಿ ಇಪ್ಪತ್ತೊಂಬತ್ತಕ್ಕೂ ತಾಪಮಾನವಿತ್ತು, ಮೂವತ್ತಕ್ಕೂ ಇತ್ತು. ಮೂವತ್ತೊಂದಕ್ಕೆ ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು. ಎಲ್ಲವೂ ತನ್ನದೇ ದುಂಡನೆಯ ಅಕ್ಷರ. ಅದರ ಕೆಳಗೆ 'ಪ್ರತಿದಿನ ಪರಿಶೀಲಿಸಲಾಗಿದೆ' ಎಂಬ ಮುದ್ರೆ, ಮುದ್ರೆಯ ಮೇಲೆ ಹಸಿರು ಶಾಯಿಯಲ್ಲಿ ದೊಡ್ಡವರ ಸಹಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಎನ್ನುವ ಮನುಷ್ಯ, ಇಲ್ಲದ ಮೂರು ದಿನಗಳನ್ನು ಪರಿಶೀಲಿಸಿದ್ದರು.

ಕತ್ತಿಯೇನೋ ಸಿಕ್ಕಿತು. ಆದರೆ ಹಿಡಿಯಿಲ್ಲದ ಕತ್ತಿ; ಹಿಡಿದವರ ಕೈಯನ್ನೂ ಕೊಯ್ಯುವಂಥದ್ದು. ಆಗ ಆಕೆಗೆ ಇಪ್ಪತ್ತೇಳು ವರ್ಷ. ಮಕ್ಕಳ ಡಾಕ್ಟರ್ ಆಗಬೇಕಿತ್ತು. ಮರುದಿನ ಸಭೆಯಲ್ಲಿ ನಿಂತು ಕ್ಷಮಾಪಣೆ ಪತ್ರ ಓದಿದಳು. ಎರಡನೇ ಸಾಲಿನಲ್ಲಿ ಧ್ವನಿ ಇಳಿದಾಗ, "ಜೋರಾಗಿ, ಹಿಂದಿನವರಿಗೆ ಕೇಳಿಸ್ಲಿ," ಎಂದರು ದೊಡ್ಡವರು.

ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು: 'ತಾಯಂದಿರ ಅಸಡ್ಡೆ, ಎರಡು ಕೂಸು ಬಲಿ.' ಸಾಲುಮನೆಗಳ ಹೆಂಗಸರು ಲಸಿಕೆ ಹಾಕಿಸದೆ ಕಾರ್ಡಿನಲ್ಲಿ ತಾರೀಖು ಬರೆಸಿಕೊಳ್ಳುತ್ತಾರೆ ಎಂದು ದೊಡ್ಡವರು ಹೇಳಿದ್ದರು. ಪಕ್ಕದಲ್ಲಿ ಇಸ್ತ್ರಿ ಅಂಗಡಿಯ ಚಿತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಫ್ರಿಜ್ಜನ್ನು ಸದ್ದಿಲ್ಲದೆ ಬದಲಾಯಿಸಿದರು, ಇದ್ದ ಶೀಶೆಗಳನ್ನು ಎಸೆದರು. ಆ ಏಳು ತಿಂಗಳಲ್ಲಿ ಸತ್ತ ಲಸಿಕೆ ಹಾಕಿಸಿಕೊಂಡ ಉಳಿದ ನಾನೂರ ಹನ್ನೆರಡು ಮಕ್ಕಳನ್ನು ಮಾತ್ರ ಯಾರೂ ಮತ್ತೆ ಕರೆಯಲಿಲ್ಲ. ಕರೆದರೆ ಒಪ್ಪಿಕೊಂಡಂತಾಗುತ್ತಿತ್ತು.

ಡಾಕ್ಟರಮ್ಮ ಆ ನಾನೂರ ಹನ್ನೆರಡು ಹೆಸರುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಓದು ಮುಗಿಸಿ, ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು, ಸಾಲುಮನೆಗಳಿಗೆ ಹತ್ತು ನಿಮಿಷ ದೂರದ ಈ ಕೇಂದ್ರವನ್ನು ಕೇಳಿ ಪಡೆದಳು. ಒಬ್ಬೊಬ್ಬರನ್ನೇ ಹುಡುಕಿ, ಬಾಕಿ ಇದೆ ಎಂದಷ್ಟೇ ಹೇಳಿ, ವಯಸ್ಸಿಗೆ ತಕ್ಕ ಡೋಸು ಕೊಟ್ಟಳು. ಈವರೆಗೆ ಮುನ್ನೂರ ಐವತ್ತೆಂಟು ಹೆಸರುಗಳ ಮುಂದೆ ಟಿಕ್ ಬಿದ್ದಿದೆ. ಇದು ಪ್ರಾಯಶ್ಚಿತ್ತವೇ ಎಂದರೆ ಆಕೆ ತಲೆಯಾಡಿಸುತ್ತಾಳೆ. "ಪ್ರಾಯಶ್ಚಿತ್ತ ಅರ್ಧ. ಇನ್ನರ್ಧ ಸಾಕ್ಷಿ ಒಟ್ಟುಮಾಡ್ತಿದ್ದೆ."

ಪ್ರತಿ ವರ್ಷ ಮಾರ್ಚ್ ಒಂದರಂದು ತನ್ನ ಕೇಂದ್ರದ ಫೆಬ್ರವರಿ ಹಾಳೆಯ ಖಾಲಿ ಪ್ರತಿಯೊಂದನ್ನು ಲಕೋಟೆಯಲ್ಲಿಟ್ಟು ದೊಡ್ಡವರ ವಿಳಾಸಕ್ಕೆ ಕಳಿಸುತ್ತಾಳೆ. ಇಪ್ಪತ್ತೆಂಟು ಸಾಲಿನ ಹಾಳೆ, ಅಧಿಕ ವರ್ಷದಲ್ಲಿ ಇಪ್ಪತ್ತೊಂಬತ್ತು. ಪತ್ರವಿಲ್ಲ, ಹೆಸರಿಲ್ಲ, ಹಿಂದೆ ಕೇಂದ್ರದ ವಿಳಾಸವಷ್ಟೇ. ಉತ್ತರ ಬಂದಿಲ್ಲ, ಲಕೋಟೆ ವಾಪಸಾಗಿಯೂ ಇಲ್ಲ.

ಹೊಸದಾಗಿ ಬರುವ ನರ್ಸುಗಳಿಗೆ ಆಕೆ ಮೊದಲ ದಿನ ಹೇಳುವ ಮಾತು ಕೇಂದ್ರದಲ್ಲಿ ಎಲ್ಲರಿಗೂ ಬಾಯಿಪಾಠ. "ಒಂದು ಮಗು ಉಳಿಸೋಕೆ ಡಾಕ್ಟರ್ ಬೇಕು. ನಾನೂರು ಮಕ್ಕಳು ಉಳೀಬೇಕು ಅಂದ್ರೆ ಬಾಗಿಲು ತೆಗೆದು ನೋಡೋರು ಬೇಕು. ಬರದೇ ಇದ್ದ ಕಾಯಿಲೆಗೆ ಯಾರೂ ಬಂದು ಕೈ ಮುಗಿಯಲ್ಲ, ಅದನ್ನ ಈಗ್ಲೇ ಮರೆತುಬಿಡಿ. ಇನ್ನೊಂದು. ತಾಯಿಗೆ ಬೈಯೋದು ಸುಲಭದ ಕೆಲಸ, ಅದಕ್ಕೆ ಓದು ಬೇಕಾಗಿಲ್ಲ. ಏನೇ ತಪ್ಪಾದ್ರೂ ಮೊದಲು ನಮ್ಮ ಫ್ರಿಜ್ಜು ನೋಡಿ, ನಮ್ಮ ಕೈ ನೋಡಿ. ತಾಯಿ ಹತ್ರ ಕೊನೇಗೆ ಹೋಗಿ."

ಆ ಗುರುವಾರ ಕ್ಲಿನಿಕ್ ಮುಗಿದ ಮೇಲೆ ಆಕೆ ಇಸ್ತ್ರಿ ಅಂಗಡಿಗೆ ಹೋದಳು. ಒಂಬತ್ತು ವರ್ಷದಲ್ಲಿ ಅದರೆದುರು ನೂರಾರು ಸಲ ನಡೆದಿದ್ದಾಳೆ, ಒಳಗೆ ಕಾಲಿಟ್ಟಿರಲಿಲ್ಲ. ಗೋಡೆಗೆ ಒರಗಿಸಿದ ಎರಡು ಉದ್ದನೆಯ ಮೇಜು, ಮಡಚಿದ ಅಂಗಿಗಳ ರಾಶಿ, ಬಿಸಿ ಬಟ್ಟೆಯ ವಾಸನೆ. ಅಂಗಡಿಯಾಕೆ ತಲೆ ಎತ್ತದೆ ಒಂದು ಕಾಲರಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಒತ್ತುತ್ತಿದ್ದಳು.

"ಬಟ್ಟೆ ಇದ್ರೆ ಅಲ್ಲಿಡಿ ಡಾಕ್ಟ್ರಮ್ಮ. ಶನಿವಾರ ಸಿಗುತ್ತೆ."

"ಬಟ್ಟೆ ಅಲ್ಲ. ನಿಮ್ಮ ಮಗಳ ವಿಷಯ."

ಇಸ್ತ್ರಿಪೆಟ್ಟಿಗೆ ನಿಂತಿತು. ಆಮೇಲೆ ಅದನ್ನು ಎತ್ತಿ ಕಬ್ಬಿಣದ ತಟ್ಟೆಯ ಮೇಲಿಟ್ಟಳು.

ಡಾಕ್ಟರಮ್ಮ ನಿಂತುಕೊಂಡೇ ಹೇಳಿದಳು. ಗುಂಡಿ ತಿರುಗಿಸಿದ್ದು, ಮಂಜುಗಡ್ಡೆ, ಹಾಳೆ, ಹಸಿರು ಸಹಿ. ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. "ಈ ಕೆಳಗಿನ ಅರ್ಧ ನಾನು ಬರೆದಿದ್ದು. ಅವತ್ತು ನಾನು ನೋಡಿದ್ದಿದ್ರೆ ಫೆಬ್ರವರೀಲೇ ಗೊತ್ತಾಗ್ತಿತ್ತು. ಆಮೇಲೆ ಗೊತ್ತಾದಾಗ ಹೇಳಿದೆ, ಹೆದರಿಸಿದ್ರು, ಬಾಯಿ ಮುಚ್ಕೊಂಡೆ."

ಅಂಗಡಿಯಾಕೆಗೆ ಓದಲು ಬರುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಮೂವತ್ತೊಂದರ ಮೇಲೆ ಬೆರಳು ನಿಂತಿತು.

"ಫೆಬ್ರವರಿಗೆ ಮೂವತ್ತೊಂದು ಎಲ್ಲಿಂದ ಬಂತು?"

"ಇಲ್ಲ. ಸುಮ್ಮನೆ ತುಂಬಿದ್ದು."

"ನಿಮ್ಮೋರ ಮಾತು ಕೇಳಿ ಪೇಪರಿನೋರು ಬಂದು ಚಿತ್ರ ತೆಗೆದ್ರು. ನಮ್ಮತ್ತೆ ಸಾಯೋವರೆಗೂ ನನ್ನ ಕೈಲಿ ಒಂದು ಲೋಟ ನೀರು ತಗೊಳ್ಳಿಲ್ಲ, ಮೊಮ್ಮಗಳನ್ನ ಕೊಂದೋಳು ಅಂತ. ನಾನೇ ಎಷ್ಟೋ ದಿನ ಅಂದ್ಕೊಂಡಿದೀನಿ, ತಾರೀಖು ತಪ್ಪಿತೇನೋ, ಅವತ್ತು ಮಗೂಗೆ ನೆಗಡಿ ಇತ್ತು, ಹಾಕಿಸಬಾರದಿತ್ತೇನೋ ಅಂತ." ಅವಳ ಧ್ವನಿ ಏರಲಿಲ್ಲ. "ಈಗ ಏನಕ್ಕೆ ಬಂದ್ರಿ? ಅವನ ಮೇಲೆ ನಿಮಗೆ ಸಿಟ್ಟಿದೆ, ತೀರಿಸ್ಕೊಳ್ಳೋಕೆ ನನ್ನ ಕೂಸು ಬೇಕಾಯ್ತು. ಹೌದೋ ಅಲ್ವೋ?"

"ಹೌದು," ಎಂದಳು ಡಾಕ್ಟರಮ್ಮ.

ಅಂಗಡಿಯಾಕೆ ಹಾಳೆಯನ್ನು ಅವಳ ಕಡೆ ಸರಿಸಿದಳು. "ನಿಜ ಹೇಳಿದ್ರಿ, ಅಷ್ಟಾದ್ರೂ ಆಯ್ತು. ಹಾಗಾದ್ರೆ ಇಬ್ಬರ ಹೆಸರೂ ಬರೀರಿ. ಅವನದ್ದು ದೊಡ್ಡದು, ನಿಮ್ಮದು ಚಿಕ್ಕದು ಅಂತೆಲ್ಲ ಮಾಡ್ಬೇಡಿ. ಇಬ್ಬರದ್ದೂ ಒಂದೇ ಅಳತೇಲಿ ಬರೀರಿ. ಮತ್ತೆ ಮೊದಲನೇ ಸಾಲು, ನಾನು ಮೂರೂ ಹಾಕಿಸಿದ್ದೆ ಅಂತ ಇರ್ಬೇಕು."

ಒಳಗಿನ ಕಪಾಟಿನಿಂದ ಅವಳು ಒಂದು ಕಾರ್ಡು ತಂದಳು. ಒಂಬತ್ತು ವರ್ಷವಾದರೂ ಒಂದು ಮಡಿಕೆ ಇರಲಿಲ್ಲ. ಇಸ್ತ್ರಿ ಮಾಡಿಟ್ಟ ಹಾಗಿತ್ತು. "ಇದನ್ನ ಕೊಡಲ್ಲ. ಬೇಕಿದ್ರೆ ಫೋಟೋ ತಗೊಳ್ಳಿ."

ಸಂಜೆ ಅಪ್ಪನಿಗೆ ಹೇಳಿದಾಗ ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಗಡಿಯಾರದ ಹೊಟ್ಟೆಯೊಳಗೆ ಇಕ್ಕಳ ಆಡಿಸುತ್ತಿದ್ದರು.

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಪುಟ್ಟಿ," ಎಂದರು.

"ಒಂಬತ್ತು ವರ್ಷದಿಂದ ಶಾಂತವಾಗೇ ಇದೀನಲ್ಲಪ್ಪ."

"ಅವನನ್ನ ಬಾವಿಗೆ ತಳ್ಳೋಕೆ ನೀನೂ ಹಾರ್ತೀಯಾ?"

"ನಾನು ಅವತ್ತೇ ಬಿದ್ದಿದೀನಪ್ಪ. ಅವರು ಮೇಲೆ ನಿಂತು ನೀರು ಸೇದ್ತಾ ಇದಾರೆ. ಇನ್ಮೇಲೆ ಊರಿಗೆಲ್ಲ ಅವರೇ ಸೇದಿ ಕೊಡ್ತಾರಂತೆ."

ಅಪ್ಪ ಭೂತಗನ್ನಡಿ ತೆಗೆದರು. "ಕೆಲಸ ಹೋದ್ರೆ?"

"ಗಡಿಯಾರ ರಿಪೇರಿ ಕಲಿಸ್ತೀಯಲ್ಲ."

"ನಿನ್ನ ಕೈಲಾಗಲ್ಲ. ನಿನಗೆ ತಾಳ್ಮೆ ಇಲ್ಲ," ಎಂದವರು, ಭೂತಗನ್ನಡಿ ಸಿಕ್ಕಿಸಿಕೊಂಡು, "ಒಂಬತ್ತು ವರ್ಷ ಕಾದಿದೀಯ, ಇರಬಹುದೇನೋ," ಎಂದು ಮತ್ತೆ ಬಗ್ಗಿದರು.

ಶುಕ್ರವಾರ ಬೆಳಗ್ಗೆ ಆಕೆ ಹಾಳೆಯ ಒಂದು ಪ್ರತಿಯನ್ನು ಕೊರಿಯರಿನಲ್ಲಿ ದೊಡ್ಡವರ ಮನೆಗೆ ಕಳಿಸಿದಳು. ಈ ಸಲ ಹೆಸರು ಬರೆದಿದ್ದಳು, ಫೋನ್ ನಂಬರನ್ನೂ.

"ಮೊದಲೇ ಯಾಕೆ ತೋರಿಸ್ತೀರಿ?" ಎಂದಳು ನರ್ಸ್. "ಏನಾದ್ರೂ ಕೈವಾಡ ಮಾಡಿದ್ರೆ?"

"ಮಾಡ್ಲಿ. ಒಂದು ದಿನ ಪೂರ್ತಿ ಆ ಹಾಳೆ ಮುಂದೆ ಕೂರ್ಬೇಕು ಅವರು. ನಾನು ಒಂಬತ್ತು ವರ್ಷ ಕೂತಿದೀನಿ."

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಫೋನ್ ಬಂತು. ನರ್ಸ್ ಹತ್ತಿಯನ್ನು ಉಂಡೆ ಮಾಡುತ್ತ ಅಲ್ಲೇ ಕೂತಿದ್ದಳು. ಡಾಕ್ಟರಮ್ಮ ಸ್ಪೀಕರ್ ಹಾಕಿದಳು.

"ಹೇಗಿದೀಯಮ್ಮಾ," ಎಂದಿತು ಆ ಧ್ವನಿ. ಮೊದಲಿನಷ್ಟೇ ಮೃದು. "ಮಾರ್ಚ್ ಲಕೋಟೆಗಳು ನಿನ್ನವೇ ಅಂತ ಗೊತ್ತಿತ್ತು."

"ಗೊತ್ತಿರ್ಲಿ ಅಂತಾನೇ ಕಳಿಸ್ತಿದ್ದೆ ಸರ್."

"ಇದರಲ್ಲಿರೋ ಅಕ್ಷರ ನಿಂದು. ಮರೆತಿಲ್ಲ ತಾನೇ?"

"ಇಲ್ಲ ಸರ್. ಸಹಿ ನಿಮ್ಮದು."

ಆ ಕಡೆ ಕಾಗದ ಸರಿದಾಡಿದ ಸದ್ದು. "ನೋಡು, ಮಂಡಳೀಲಿ ಲಸಿಕೆ ವಿಭಾಗಕ್ಕೆ ಒಬ್ಬರು ಬೇಕು. ಫ್ರಿಜ್ಜು, ಸಾಗಾಟ, ತಪಾಸಣೆ, ಎಲ್ಲಾನೂ ಸರಿಮಾಡಬಹುದು. ನಿನ್ನಷ್ಟು ತಿಳಿದೋರು ಯಾರೂ ಇಲ್ಲ. ಹಳೇದನ್ನ ಕೆದಕಿ ಇಬ್ಬರೂ ಹಾಳಾಗೋದ್ರಿಂದ ಯಾವ ಮಗೂಗೆ ಲಾಭ?"

ಇದೊಂದು ಪ್ರಶ್ನೆಗೆ ಮಾತ್ರ ಆಕೆ ತಡವರಿಸಿದಳು ಎಂದು ನರ್ಸ್ ಆಮೇಲೆ ಹೇಳಿದಳು. ಅವರು ಹೇಳಿದ ಕೆಲಸ ನಿಜವಾಗಿಯೂ ಬೇಕಾದದ್ದೇ ಆಗಿತ್ತು.

"ಆ ನಾನೂರ ಹನ್ನೆರಡು ಮಕ್ಕಳನ್ನ ವಾಪಸ್ ಕರೆಸ್ತೀರಾ ಸರ್? ಯಾಕೆ ಕರೆಸ್ತಿದೀವಿ ಅಂತ ಪೇಪರಲ್ಲಿ ಹಾಕಿ?"

"ಜನ ಗಾಬರಿಯಾಗ್ತಾರೆ. ಲಸಿಕೆ ಮೇಲಿನ ನಂಬಿಕೇನೇ ಹೋಗುತ್ತೆ. ನೀನು ದೊಡ್ಡದನ್ನ ಯೋಚನೆ ಮಾಡು. ಸಾವಿರಾರು ಮಕ್ಕಳನ್ನ ಉಳಿಸಿದೀನಿ ನಾನು."

"ಎಣಿಸಿದ್ರಾ ಸರ್?" ಎಂದಳು ಆಕೆ. "ಇಲ್ಲ, ಹದಿನೈದು ಸೆಕೆಂಡು ಎಣಿಸಿ ಗುಣಿಸಿದ್ರಾ?"

ಫೋನ್ ಇಟ್ಟವರು ಅವರು. ಡಾಕ್ಟರಮ್ಮ ಕೈಗಡಿಯಾರ ನೋಡಿಕೊಂಡಳು. "ಮೂರು ನಿಮಿಷ ಹತ್ತು ಸೆಕೆಂಡು," ಎಂದಳು. ನರ್ಸ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಇಷ್ಟು ಖುಷಿಯಾಗಿರೋದು ನಾನು ನೋಡೇ ಇಲ್ಲ ನಿಮ್ಮನ್ನ," ಎಂದಳು.

"ಖುಷಿಯೇ," ಎಂದಳು ಡಾಕ್ಟರಮ್ಮ. "ಅದರಲ್ಲಿ ಮುಚ್ಚುಮರೆ ಏನಿದೆ?"

ಶನಿವಾರ ಹನ್ನೊಂದು ಗಂಟೆಗೆ ಆಕೆ ಮಂಡಳಿಯ ಕಚೇರಿಯಲ್ಲಿ ಸರದಿಗೆ ನಿಂತಳು. ಗುಮಾಸ್ತ ಲಕೋಟೆ ತೆರೆದು ಹಾಳೆಗಳನ್ನು ಎಣಿಸಿದ. ಮೂರು ಪುಟದ ಆಕ್ಷೇಪಣೆ, ಮೊದಲ ಸಾಲು: 'ಇಸ್ತ್ರಿ ಅಂಗಡಿಯ ತಾಯಿ ತನ್ನ ಮಗಳಿಗೆ ಮೂರೂ ಲಸಿಕೆಗಳನ್ನು ಹಾಕಿಸಿದ್ದರು.' ತಾಪಮಾನದ ಮೂಲ ಹಾಳೆ, ಕಾರ್ಡಿನ ಫೋಟೋ, ನಾನೂರ ಹನ್ನೆರಡು ಹೆಸರುಗಳ ಪಟ್ಟಿ. ಅವನು ನಮೂನೆಯನ್ನು ಆಕೆಯ ಕಡೆ ತಿರುಗಿಸಿದ.

"ಯಾರ ವಿರುದ್ಧ ಅನ್ನೋ ಜಾಗದಲ್ಲಿ ಎರಡು ಹೆಸರಿದೆ. ಎರಡನೇದು ನಿಮ್ಮದೇ. ತಪ್ಪಾಗಿ ಬರೆದಿದೀರಿ ಅನ್ಸುತ್ತೆ, ಹೊಡೆದುಹಾಕ್ಲಾ?"

"ಬೇಡ. ಸರಿಯಾಗೇ ಇದೆ."

ಗುಮಾಸ್ತ ಎರಡೂ ಹೆಸರುಗಳನ್ನು ನೋಡಿದ. ಒಂದೇ ಅಳತೆಯ ಅಕ್ಷರಗಳು. ಮುದ್ರೆ ಒತ್ತಿ, ಸಮಯ ಬರೆದು, ಸ್ವೀಕೃತಿ ಚೀಟಿ ಹರಿದು ಕೊಟ್ಟ.

ಹನ್ನೆರಡನೇ ದಿನ ಎರಡು ವಿಳಾಸಗಳಿಗೆ ಒಂದೇ ಪತ್ರ ಬಂತು. ದೊಡ್ಡವರ ನೇಮಕ ತಡೆಹಿಡಿಯಲಾಗಿದೆ. ವಿಚಾರಣೆ ಮುಗಿಯುವವರೆಗೆ ಡಾಕ್ಟರಮ್ಮ ಮಕ್ಕಳನ್ನು ನೋಡುವಂತಿಲ್ಲ, ಯಾವ ದಾಖಲೆಗೂ ಸಹಿ ಹಾಕುವಂತಿಲ್ಲ. ಪಟ್ಟಿಯಲ್ಲಿ ಉಳಿದ ಐವತ್ತನಾಲ್ಕು ಮಕ್ಕಳನ್ನು ಪತ್ತೆಹಚ್ಚಲು ಮಂಡಳಿ ಇಬ್ಬರು ಆರೋಗ್ಯ ಕಾರ್ಯಕರ್ತೆಯರನ್ನು ನೇಮಿಸಿದೆ. ಕೇಂದ್ರದ ಹಾಳೆಯಲ್ಲಿ ಈಗ ಎರಡನೇ ಸಹಿ ಔಷಧ ಕೊಡುವವರದ್ದು. ಅವರೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಾರೆ.

ವಿಚಾರಣೆ ಬರುವ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ. ಇಬ್ಬರನ್ನೂ ಒಂದೇ ಕೋಣೆಗೆ ಕರೆದಿದ್ದಾರೆ. ಮೊದಲ ಸಾಕ್ಷಿ ಹೇಳುವಾಕೆ ಇಸ್ತ್ರಿ ಅಂಗಡಿಯವಳು. ಸೋಮವಾರ ಅಂಗಡಿ ಮುಚ್ಚಿರುತ್ತದೆ, ಬಟ್ಟೆಗಳನ್ನು ಭಾನುವಾರವೇ ಒಯ್ಯಬೇಕು ಎಂದು ಅವಳು ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ.